ಮೊಡವೆ ನೋಡಿ ಹಿಗ್ಗಿದ ಡಾಕ್ಟರಮ್ಮ

ಅಕ್ಕಾ,

ಆಸ್ಪತ್ರೆಯ ಈ ಊರಲ್ಲಿ ನಿನ್ನ ತಂಗಿಗೆ ಐವತ್ತು ದಾಟಿದ ಮೇಲೆ ಹರೆಯ ಮರಳಿದೆ, ಮುಖದ ತುಂಬ ಮೊಡವೆ! ಮದುಮಗಳಂದಿರನ್ನು ಸಿಂಗರಿಸುವುದೇ ಕಸುಬಾದವಳ ಗತಿ ನೋಡು. ನಿನ್ನೆ ಎಲ್ಲವನ್ನೂ ಮೇಕಪ್ಪಿನಲ್ಲಿ ಮುಚ್ಚಿಕೊಂಡು ತಪಾಸಣೆಗೆ ಹೋದೆ. ನುಣುಪು ಕೆನ್ನೆ ಕಂಡು ಡಾಕ್ಟರಮ್ಮ ಸಪ್ಪಗಾದರು.

“ಜೀವಕೋಶದ ಮೈಮೇಲೆ ‘ಬೆಳಿ’ ಅನ್ನೋ ಮಾತು ಕೇಳೋಕೆ ಒಂದು ಕಿವಿ ಇರುತ್ತೆ. ಗರ್ಭದಲ್ಲಿ ನಿಮ್ಮ ಚರ್ಮ ಬೆಳೆಸಿದ್ದೂ ಅದೇ. ನಿಮ್ಮ ಶ್ವಾಸಕೋಶದ ಕ್ಯಾನ್ಸರಲ್ಲಿ ಯಾರೂ ಹೇಳದಿದ್ರೂ ಅದಕ್ಕೆ ಕೇಳಿಸ್ತಾನೇ ಇದೆ. ನೀವು ತಗೊಳ್ಳೋ ಮಾತ್ರೆ ಆ ಕಿವಿ ಮುಚ್ಚಿದ್ರೆ ಸಾಮಾನ್ಯವಾಗಿ ಚರ್ಮಾನೂ ಮುನಿಸ್ಕೊಂಡು ಮೊಡವೆ ಏಳುತ್ತೆ. ನಿಮಗೇನೂ ಬಂದಿಲ್ವಲ್ಲ?”

ನಾಚಿಕೊಂಡು ಕೆನ್ನೆಯ ಮೇಕಪ್ಪು ಒರೆಸಿದೆ. “ಅಬ್ಬಾ, ಎಷ್ಟು ಚೆನ್ನಾಗಿದೆ! ಮಾತ್ರೆ ಕೆಲಸ ಮಾಡ್ತಿರೋ ಗುರುತು ಇದು!” ಎಂದು ನರ್ಸನ್ನೂ ಕರೆದು ತೋರಿಸಿದರು.

ಊಟ ಸೇರುತ್ತಿದೆ, ಕೆಮ್ಮು ಕಡಿಮೆ. ಭಾವನಿಗೂ ಹೇಳು, ಬಣ್ಣ ಹಚ್ಚದ ನನ್ನ ಮುಖ ಕಂಡು ಜೀವಮಾನದಲ್ಲಿ ಮೊದಲ ಸಲ ಒಬ್ಬರು ಹಿಗ್ಗಿದರು.

ಅವಸರದಲ್ಲಿ,
ನಿನ್ನ ಮೊಡವೆ ತಂಗಿ