ಹಾಜಿಯವರು ಕುಡಿಯಬಾರದಿದ್ದ ಕಾಫಿ

ಜುಲೈ 11, ಗುರುವಾರ

ಎರಡನೇ ಮೂಟೆ ಕಾಫಿ ಬೀಜವೂ ಹುರಿದಾಯಿತು. ಏಲಕ್ಕಿ ಮುಗಿಯುತ್ತಾ ಬಂದಿದೆ, ಚಿಕ್ಕಪ್ಪನಿಗೆ ಹೇಳಬೇಕು. ಮಧ್ಯಾಹ್ನ ಅಂಗಡಿಯಲ್ಲಿ ನೊಣ ಬಿಟ್ಟರೆ ನಾನೊಬ್ಬ. ಆಗ ಬಂದ ಕುತೈಬಾ.

ದೋಹಾದಿಂದ ಮೊನ್ನೆ ಇಳಿದನಂತೆ. ಬೇಸಿಗೆ ಬಂತೆಂದರೆ ಕೊಲ್ಲಿಗೆ ಹೋದವರೆಲ್ಲ ನಮ್ಮೂರು ಸಾಲ್ತ್‌ಗೆ ವಾಪಸ್. ಒಬ್ಬೊಬ್ಬರ ಕಾರೂ ನಮ್ಮ ಓಣಿಗಿಂತ ಅಗಲ. ಗಟ್ಟಿಯಾಗಿ ತಬ್ಬಿಕೊಂಡ. ಹುರಿದ ಕಾಫಿಯ ವಾಸನೆಯನ್ನೂ ಮೀರಿಸುವ ಅತ್ತರು.

"ಏನ್ರೀ ಇಂಜಿನಿಯರ್ ಸಾಹೇಬ್ರೇ, ಇನ್ನೂ ಬೀಜ ಹುರೀತಾನೇ ಕೂತಿದ್ದೀರಾ?"

ಗೇಲಿ ಮಾಡಿದ್ದರೆ ಬೈಯಬಹುದಿತ್ತು. ಪ್ರೀತಿಯಿಂದಲೇ ಅಂದ, ಅದೇ ಸಂಕಟ. ಒಂದೇ ಬೆಂಚು, ಒಂದೇ ಕಾಲೇಜು. ಪರೀಕ್ಷೆಯಲ್ಲಿ ನನ್ನದನ್ನು ನೋಡಿ ಬರೆದವನು. ನಾನು ಸರ್ಕಾರಿ ಕೆಲಸದ ಸರದಿಯಲ್ಲಿ ಏಳು ವರ್ಷದಿಂದ ನಿಂತಿದ್ದೇನೆ. ಅವನು ನಿಲ್ಲಲಿಲ್ಲ, ಹೋದ.

"ನಿನ್ನ ಸಿವಿ ಕಳಿಸೋ. ನಮ್ಮ ಕಂಪನೀಲಿ ಮಾತಾಡ್ತೀನಿ," ಅಂದ.

ಕಳಿಸುವುದಿಲ್ಲ. ಅವನ ಶಿಫಾರಸಿನ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಹಲ್ಲು ಕೂಡ ಬಿಳಿ ಮಾಡಿಸಿಕೊಂಡಿದ್ದಾನೆ.

ಜುಲೈ 14, ಭಾನುವಾರ

ಚಿಕ್ಕಪ್ಪನ ಮಗಳು ಶುರೂಕ್ ಕೆಲಸ ಮಾಡುವ ಔಷಧಿ ಅಂಗಡಿ ನಮ್ಮ ಎದುರು ಸಾಲಿನಲ್ಲೇ. ತೂಕದ ಯಂತ್ರದ ಹಿಂದೆ ನಿಂತರೆ ಅದರ ಬಾಗಿಲು ಕಾಣುತ್ತದೆ. ಕುತೈಬಾ ನಿನ್ನೆ ಹೋದ, ಟೂತ್‌ಪೇಸ್ಟ್ ಕೊಂಡ. ಇವತ್ತು ಬೆಳಿಗ್ಗೆ ಹೋದ, ಟೂತ್‌ಪೇಸ್ಟ್. ಸಂಜೆ ಮತ್ತೆ. ಎಷ್ಟು ಹಲ್ಲಿವೆ ಇವನಿಗೆ?

ಅವಳು ನಗುತ್ತಿದ್ದಳು. ಗಿರಾಕಿಗೆ ನಗುವ ನಗುವಲ್ಲ ಅದು.

ಒಂದು ಹೊರೆ ಬೀಜ ಸುಟ್ಟು ಕರಿಯಾಯಿತು. ಚಿಕ್ಕಪ್ಪ ಮೂಗು ಏರಿಸಿದರು.

ಜುಲೈ 18, ಗುರುವಾರ

ಕುತೈಬಾನ ಅಮ್ಮ, ಇಬ್ಬರು ಅಕ್ಕಂದಿರು ಚಿಕ್ಕಪ್ಪನ ಮನೆಗೆ ಹೋಗಿದ್ದರಂತೆ. ಮೊದಲು ಹೆಂಗಸರು ಹೋಗಿ ಹೆಣ್ಣು ನೋಡುವುದು, ಆಮೇಲೆ ಗಂಡಸರು ಜಾಹಾ ಕಟ್ಟಿಕೊಂಡು, ಅಂದರೆ ಹಿರಿಯರ ದಂಡು ಕೂಡಿಸಿಕೊಂಡು, ಹೋಗಿ ಕೇಳುವುದು. ಅಂದರೆ ಅರ್ಧ ದಾರಿ ಬಂದಾಯಿತು.

ಅಮ್ಮ ಬೆಂಡೆಕಾಯಿ ಹೆಚ್ಚುತ್ತಾ ಹೇಳಿದಳು. ಚಾಕುವಿನ ಸದ್ದು ಮಾತಿಗಿಂತ ಜೋರು.

"ಮೂರು ವರ್ಷದಿಂದ ಬಡ್ಕೊಂಡೆ. ಶುರೂಕ್‌ನ ಕೇಳೋಣ ಕಣೋ ಅಂತ. ನೀನು ಕೆಲಸ ಸಿಗ್ಲಿ ಅಂದೆ. ಮನೆ ಆಗ್ಲಿ ಅಂದೆ. ಈಗ ನೋಡು."

"ನನಗೇನಮ್ಮ? ಒಳ್ಳೇದೇ ಆಯ್ತಲ್ಲ ಅವಳಿಗೆ."

"ಹೌದಪ್ಪಾ, ಒಳ್ಳೇದಾಯ್ತು. ಮತ್ತೆ ನಿನ್ನ ಮುಖ ಯಾಕೆ ಹುಳಿ ಮೊಸರಿನ ಥರ ಆಗಿದೆ?"

ಊಟ ಬಿಟ್ಟು ಎದ್ದೆ. ಹಸಿವಿತ್ತು. ಆದರೂ ಎದ್ದೆ.

ಜುಲೈ 19, ಶುಕ್ರವಾರ

ನಮಾಜ್ ಮುಗಿಸಿ ಎಲ್ಲರೂ ಚಿಕ್ಕಪ್ಪನ ಮನೆಯಲ್ಲಿ ಊಟ, ಮನ್ಸಫ್. ಚಿಕ್ಕಪ್ಪ ಕುತೈಬಾನನ್ನೂ ಕರೆದಿದ್ದರು! ದೊಡ್ಡ ತಟ್ಟೆಯ ಸುತ್ತ ನಿಂತೆವು. ಅವನು ಮೂರು ಬೆರಳಲ್ಲಿ ಅನ್ನ, ಮಾಂಸ ಉಂಡೆ ಮಾಡಿ ಬಾಯಿಗೆ ಹಾಕಿಕೊಳ್ಳುವುದು ನೋಡಬೇಕು, ಒಂದು ಅಗುಳು ಬೀಳಲಿಲ್ಲ. ನನ್ನ ಅಂಗಿಯ ಮೇಲೆ ಮೊಸರಿನ ಸಾರು. ಒಳ್ಳೆಯ ತುಂಡುಗಳನ್ನು ಚಿಕ್ಕಪ್ಪ ತಾವೇ ಹರಿದು ಅವನ ಮುಂದೆ ಇಡುತ್ತಿದ್ದರು. ನನ್ನ ಮುಂದೆ ಇಡುತ್ತಿದ್ದುದು ಹೋದ ವಾರದವರೆಗೆ.

ಹೊಟ್ಟೆಕಿಚ್ಚು. ಬರೆದೇ ಬಿಡುತ್ತೇನೆ. ಅವನ ಕಾರು, ಕೆಲಸ, ಬೆರಳು, ಹಲ್ಲು, ಎಲ್ಲದರ ಮೇಲೂ. ಶುರೂಕ್ ಮೂರು ವರ್ಷ ಎದುರು ಸಾಲಿನಲ್ಲೇ ಇದ್ದಳು, ನೋಡಿದರೆ ನೋಡಿದೆ, ಇಲ್ಲದಿದ್ದರೆ ಇಲ್ಲ. ಅವನು ಕೇಳಿದ್ದೇ ತಡ, ನನಗೆ ಅವಳ ನಡಿಗೆ ನೆನಪಾಗುತ್ತದೆ. ಔಷಧಿ ಚೀಟಿ ಓದುವಾಗ ಕೆಳತುಟಿ ಕಚ್ಚುವುದು ನೆನಪಾಗುತ್ತದೆ. ಇಷ್ಟು ದಿನ ಎಲ್ಲಿತ್ತೋ ಇದೆಲ್ಲ...

ಜುಲೈ 22

ಏನೂ ಇಲ್ಲ. ಬಿಸಿಲು. ಮತ್ತೆ ಟೂತ್‌ಪೇಸ್ಟ್.

ಜುಲೈ 24, ಬುಧವಾರ

ಜಾಹಾ ಗೊತ್ತಾಯಿತು. ಬರುವ ತಿಂಗಳ ಎರಡನೇ ತಾರೀಖು, ಶುಕ್ರವಾರ ಸಂಜೆಯ ಅಸರ್ ನಮಾಜ್ ಆದ ಮೇಲೆ. ಹಿರಿತನಕ್ಕೆ ಅವನ ತಾತ, ಹಾಜಿ ಅವ್ವಾದ್.

ಚಿಕ್ಕಪ್ಪ ಅಂಗಡಿಯ ಶಟರ್ ಅರ್ಧ ಎಳೆದು ನನ್ನನ್ನು ಕೂರಿಸಿಕೊಂಡರು. "ಅಣ್ಣ ಇದ್ದಿದ್ರೆ ಅವನನ್ನ ಕೇಳ್ತಿದ್ದೆ. ಈಗ ನೀನೇ ಅವನ ಜಾಗದಲ್ಲಿ ಇರೋನು. ಮಗಳ ಮೇಲೆ ಮೊದಲ ಮಾತು ಅಣ್ಣನ ಮಗಂದು. ಅಲ್ಲಿ ಎಲ್ಲರ ಎದುರಿಗೇ ಕೇಳ್ತೀನಿ, ನಿನ್ನದೇನಾದ್ರೂ ಅಡ್ಡಿ ಇದೆಯಾ ಅಂತ. ಸುಮ್ನೆ ಪದ್ಧತಿ ಕಣಪ್ಪ." ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಕಾಫಿ ನಿನ್ನದೇ. ಮರ್ಯಾದೆ ಉಳಿಸೋ ಕಾಫಿ ಆಗಬೇಕು."

ಸರಿ ಅಂದೆ.

ಅಮ್ಮನಿಗೆ ಹೇಳಿದ್ದಕ್ಕೆ: "ಚಿಕ್ಕಪ್ಪನ ಮಗಳನ್ನ ಮದುವೆ ಕುದುರೆ ಮೇಲಿಂದಾನೂ ಇಳಿಸಬಹುದು ಅಂತಾರೆ ಹಿರಿಯರು. ನಿನಗೆ ಕುದುರೆವರೆಗೂ ಹೋಗೋದು ಬೇಡ, ಬಾಯಿ ಬಿಟ್ರೆ ಸಾಕು."

ಜುಲೈ 25, ಗುರುವಾರ

ತಲೆನೋವಿನ ಮಾತ್ರೆ ನೆಪ ಮಾಡಿಕೊಂಡು ಔಷಧಿ ಅಂಗಡಿಗೆ ಹೋದೆ. ಬೇರೆ ಯಾರೂ ಇರಲಿಲ್ಲ.

"ಟೂತ್‌ಪೇಸ್ಟ್ ಖಾಲಿ," ಅಂದಳು ಶುರೂಕ್. "ಊರಲ್ಲಿ ಯಾರೋ ಎಲ್ಲಾ ಕೊಂಡ್ಕೊಂಡು ಬಿಟ್ಟಿದ್ದಾರೆ."

"ನಗಬೇಡ."

"ನಗ್ತಾ ಇಲ್ಲ." ನಗುತ್ತಿದ್ದಳು. ಆಮೇಲೆ ನಿಲ್ಲಿಸಿದಳು. "ಅಪ್ಪ ಕೇಳಿದ್ರು. ನಾನು ಹೂಂ ಅಂದಿಲ್ಲ, ಉಹೂಂ ಅಂತಾನೂ ಅಂದಿಲ್ಲ. ಅವರು ಅದನ್ನೇ ಹೂಂ ಅಂದ್ಕೊಂಡ್ರು."

"ಅವನು ಅಂಥವನಲ್ಲ ಶುರೂಕ್. ಕಾಲೇಜಲ್ಲಿ ನನ್ನ ಪೇಪರ್ ನೋಡಿ ಬರೀತಿದ್ದ. ಜಂಬ. ಅಲ್ಲಿ ದೋಹಾದಲ್ಲಿ ಯಾರ್ಯಾರು ಇದ್ದಾರೋ ಯಾರಿಗೆ ಗೊತ್ತು..."

ಮಾತ್ರೆಯ ಹಾಳೆಯನ್ನು ಮೇಜಿನ ಮೇಲೆ ಪಟ್ಟನೆ ಇಟ್ಟಳು.

"ಹಾರಿಸ್, ನೋಡು. ಜಾಹಾ ಹಿರಿಯರ ಮುಂದೆ ಕಾಫಿ ಇಡ್ತಾರೆ. ಕೇಳಿದ್ದು ಸಿಗೋವರೆಗೂ ಅವರು ಅದನ್ನ ಮುಟ್ಟಲ್ಲ. ಆ ಬಟ್ಟಲು ಹಾಗೇ ಇರೋವಷ್ಟು ಹೊತ್ತು ನಿನಗೆ ಟೈಮ್ ಇದೆ. ಅಪ್ಪ ನಿನ್ನ ಕೇಳ್ತಾರೆ. ನಾನು ಒಳಗೆ ಬಾಗಿಲ ಹಿಂದೆ ಇರ್ತೀನಿ. ಅವನು ಬೇಡ ಅಂತ ಹೇಳಬೇಡ. ನಾನು ಬೇಕು ಅಂತ ಹೇಳು. ಹೇಳಿದ್ರೆ ನಾನೂ ಹೊರಗೆ ಬಂದು ಹೂಂ ಅಂತೀನಿ, ಮೂವತ್ತು ಜನ ಗಂಡಸರ ಮುಂದೆ."

"ಹೇಳದಿದ್ರೆ?"

"ಕುತೈಬಾ ಒಳ್ಳೆಯವನು."

ಮಾತ್ರೆಗೆ ದುಡ್ಡು ತೆಗೆದುಕೊಂಡಳು.

ಜುಲೈ 27, ಶನಿವಾರ

ಹೇಳುತ್ತೇನೆ. ಯಾಕೆ ಹೇಳಬಾರದು? ನಾಲ್ಕು ಪದ.

ಆಮೇಲೆ ಕಣ್ಣಿಗೆ ಕಟ್ಟುತ್ತದೆ. ನಾನು ಎದ್ದು ನಿಲ್ಲುವುದು. ಒಂದು ಕಡೆ ಇಸ್ತ್ರಿ ಮುರಿಯದ ಸೂಟಿನಲ್ಲಿ ಅವನು, ಇನ್ನೊಂದು ಕಡೆ ಉಗುರಲ್ಲಿ ಕಾಫಿ ಹೊಟ್ಟು ತುಂಬಿದ ನಾನು. ಯಾರೋ ಒಬ್ಬ ಮುದುಕ ಮೆಲ್ಲಗೆ ಕೇಳುತ್ತಾನೆ: "ಏನ್ ಕೆಲಸ ಮಾಡ್ತೀಯಪ್ಪ?" ಎಲ್ಲರೂ ನನ್ನನ್ನು ನೋಡುತ್ತಾರೆ, ಅವನನ್ನು ನೋಡುತ್ತಾರೆ. ತೂಗುತ್ತಾರೆ. ಅದೊಂದು ನನ್ನಿಂದ ಆಗದು. ಅವನ ಪಕ್ಕದಲ್ಲಿ ನಿಂತು ತೂಗಿಸಿಕೊಳ್ಳಲಾರೆ.

ಮಧ್ಯಾಹ್ನ ಹಾಜಿ ಅವ್ವಾದ್ ಕೋಲೂರಿಕೊಂಡು ಅಂಗಡಿ ಮುಂದೆ ನಿಂತರು. ಆಗ ತಾನೇ ಡ್ರಮ್ಮಿನಿಂದ ಬೀಜ ಸುರಿದಿದ್ದೆ. ಕಣ್ಣು ಮುಚ್ಚಿ ಉಸಿರೆಳೆದುಕೊಂಡರು, ಮಗು ಮಲಗಿದ ಹಾಗೆ ಮುಖ.

"ಡಾಕ್ಟ್ರು ಬೇಡ ಅಂದಿದ್ದಾರೆ ಮಗಾ. ರಕ್ತದೊತ್ತಡ. ಮನೇಲಿ ಡಬ್ಬ ಬಚ್ಚಿಡ್ತಾರೆ, ಕಳ್ಳನ ಥರ ನೋಡ್ತಾರೆ. ಕುಡಿದು ನಾಲ್ಕು ತಿಂಗಳಾಯ್ತು. ವಾಸನೆಗೆ ದುಡ್ಡಿಲ್ಲ ತಾನೇ?"

ಹೊತ್ತು ಕಳೆದರೂ ಕದಲಲಿಲ್ಲ. ಬಾಯಿ ಚಪ್ಪರಿಸುತ್ತಿದ್ದರು.

ಆಗ ಹೊಳೆಯಿತು.

ಅಜ್ಜಿ ಹೇಳುತ್ತಿದ್ದ ಮಾತು. ಅವಳ ತಂಗಿಗೆ ಜಾಹಾ ಬಂದಿತ್ತು. ಅವರ ಹಿರಿಯ ಬಿಸಿಲಲ್ಲಿ ನಡೆದು ದಣಿದಿದ್ದ, ಮೈಮರೆತು ಬಟ್ಟಲು ಎತ್ತಿ ಕುಡಿದೇಬಿಟ್ಟ. ಮುತ್ತಜ್ಜ ಅಂದನಂತೆ, "ಕುಡಿದಾಯ್ತಲ್ಲ, ನಿಮ್ಮ ಕೆಲಸ ಆಯ್ತು. ಹೋಗಿಬನ್ನಿ." ಬಂದವರು ತಲೆ ತಗ್ಗಿಸಿ ಹೋದರು, ಮತ್ತೆ ಆ ಓಣಿಗೆ ಕಾಲಿಡಲಿಲ್ಲ.

ನಾನು ಬಾಯಿ ಬಿಡುವುದೇ ಬೇಡ. ಕಾಫಿಯೇ ಮಾತಾಡಲಿ.

ಜುಲೈ 30, ಮಂಗಳವಾರ

ಮೊದಲ ಸಲ ಹುರಿದದ್ದು ತೆಳುವಾಯಿತು. ಎರಡನೆಯದಕ್ಕೆ ಘಮವಿದೆ, ಆದರೆ ಗಂಟಲಿಗೆ ಒರಟು. ಏಲಕ್ಕಿ ಹೆಚ್ಚಿಸಬೇಕು, ಸಿಪ್ಪೆ ತೆಗೆದು, ಕೊನೆಯಲ್ಲಿ. ಚಿಟಿಕೆ ಕೇಸರಿಯೂ ಇರಲಿ, ಚಿಕ್ಕಪ್ಪನ ಬೀರುವಿನಿಂದ ತೆಗೆದುಕೊಂಡೆ.

ಕುತೈಬಾ ಬಂದಿದ್ದ. "ನೀನು ನನ್ನ ಪಕ್ಕ ಇರಬೇಕಾದೋನು, ಹೆಣ್ಣಿನ ಕಡೆಯವನಾಗಿಬಿಟ್ಟೆಯಲ್ಲೋ," ಅಂದು ಬೆನ್ನು ತಟ್ಟಿದ. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ಬಿಳಿ ಹಲ್ಲಿನ ನಗು ಶುಕ್ರವಾರ ಸಂಜೆ ಹೇಗಿರುತ್ತದೆ ಎಂದು ಯೋಚಿಸುತ್ತಿದ್ದೆ.

ಆಗಸ್ಟ್ 1, ಗುರುವಾರ

ಐದನೇ ಸಲ ಹುರಿದದ್ದು. ಸಿಕ್ಕಿತು! ಇಡೀ ಸಾಲು ಅಂಗಡಿಯವರು ಇಣುಕಿ ಹೋದರು. ಪಕ್ಕದ ಚಪ್ಪಲಿ ಅಂಗಡಿಯವನು, "ಯಾರನ್ನ ಮರುಳು ಮಾಡೋಕಪ್ಪಾ ಇದು?" ಅಂದ. ಎದುರು ಬಾಗಿಲಲ್ಲಿ ಶುರೂಕ್ ಕಾಣಿಸಿದಳು. ಈ ಕಡೆ ನೋಡಿ ಸುಮ್ಮನೆ ತಲೆಯಾಡಿಸಿದಳು. ಧೈರ್ಯ ಹೇಳುವ ಹಾಗೆ. ನಾನೂ ತಲೆಯಾಡಿಸಿದೆ.

ಆಗಸ್ಟ್ 2, ಶುಕ್ರವಾರ, ಬೆಳಿಗ್ಗೆ

ಅಮ್ಮ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. "ಹೇಳ್ತೀಯ ತಾನೇ?"

"ನೋಡ್ತಾ ಇರು," ಅಂದೆ.

ಹಣೆಗೆ ಮುತ್ತು ಕೊಟ್ಟಳು. ಅದು ಬೇಡವಾಗಿತ್ತು.

ಅದೇ ದಿನ, ಸಂಜೆ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಬಂದರು. ದೊಡ್ಡ ಜಾಹಾ, ನಡುಮನೆ ಸಾಲದೆ ಅಂಗಳದಲ್ಲೂ ಕುರ್ಚಿ. ಎಡಗೈಯಲ್ಲಿ ಕೊಕ್ಕಿನ ಪಾತ್ರೆ, ಬಲಗೈಯಲ್ಲಿ ಬಟ್ಟಲುಗಳು, ನಾನು. ಮೊದಲ ಬಟ್ಟಲು ಹಾಜಿ ಅವ್ವಾದ್ ಅವರಿಗೆ. ಸುರಿಯುವಾಗ ಪಾತ್ರೆ ಸ್ವಲ್ಪ ಮೇಲಕ್ಕೆತ್ತಿದೆ, ಆವಿ ಸೀದಾ ಮುಖಕ್ಕೆ ಹೊಡೆಯಲಿ ಎಂದು. ಪಾಪ, ಪದ್ಧತಿಯಂತೆ ಮೇಜಿನ ಮೇಲಿಟ್ಟರು.

"ಕಾಫಿ ತಗೊಳ್ಳಿ ಹಾಜಿ," ಚಿಕ್ಕಪ್ಪ.

"ನಾವು ಬಂದ ಕೆಲಸ ಆಗೋವರೆಗೂ ಮುಟ್ಟಲ್ಲ ಅಬು ಮಾಲಿಕ್."

ಎದ್ದು ನಿಂತರು. ದೇವರ ಸ್ತುತಿ. ಪ್ರವಾದಿಯವರ ಮಾತು. ನಮ್ಮ ಮನೆತನದ ಹೊಗಳಿಕೆ. ಮೂಗಿನ ಹೊಳ್ಳೆ ಅರಳುತ್ತಿತ್ತು. ನಮ್ಮ ಮುತ್ತಜ್ಜನ ಹೆಸರು ಹೇಳುವಾಗ ನಿಲ್ಲಿಸಿದರು, ಮಾತು ಮರೆತರು. ಕುಳಿತರು. ಕೈ ತಾನಾಗಿಯೇ ಹೋಯಿತು. ಒಂದೇ ಗುಟುಕು. ಕಣ್ಣು ಮುಚ್ಚಿದರು. ಅಷ್ಟೇ ಅಲ್ಲ, ಇನ್ನೊಂದು ಹಾಕು ಎಂದು ಖಾಲಿ ಬಟ್ಟಲನ್ನು ನನ್ನ ಕಡೆ ಚಾಚಿದರು!

ಕುತೈಬಾನ ಮುಖ ಬೂದಿ. ನನ್ನ ಎದೆಯೊಳಗೆ ಒಂದು ಕ್ಷಣ ಹಬ್ಬ. ಹಾಜಿಯವರಿಗೆ ಆಗ ಅರಿವಾಯಿತು. ಕೈಯಲ್ಲಿದ್ದ ಬಟ್ಟಲನ್ನು ನೋಡಿದರು, ಗಡ್ಡ ಅದುರಿತು. "ಅಬು ಮಾಲಿಕ್... ನನ್ನ ಮರ್ಯಾದೆ ಹೋಯ್ತಲ್ಲಪ್ಪ..."

ಚಿಕ್ಕಪ್ಪ ಎದ್ದರು. ಹೋಗಿಬನ್ನಿ ಅನ್ನುತ್ತಾರೆ ಎಂದು ಕಾದೆ.

ಮುದುಕರ ನೆತ್ತಿಗೆ ಮುತ್ತಿಟ್ಟರು.

"ಮರ್ಯಾದೆ ಯಾಕೆ ಹೋಗುತ್ತೆ ಹಾಜಿ? ಸ್ವಂತ ಮನೇಲಿ ಯಾರಾದ್ರೂ ಕೇಳಿ ಕುಡೀತಾರಾ? ನೀವು ಕುಡಿದ್ರಿ ಅಂದ್ರೆ ಇದು ನಿಮ್ಮನೆ, ಹುಡುಗಿ ನಿಮ್ಮ ಹುಡುಗಿ. ಇನ್ನು ಕೇಳೋದೂ ಇಲ್ಲ, ಹೇಳೋದೂ ಇಲ್ಲ. ಫಾತಿಹಾ ಓದಿ ಸಂಬಂಧ ಗಟ್ಟಿ ಮಾಡೋಣ!"

ಕೇಳುವುದೂ ಇಲ್ಲ. ನನ್ನನ್ನು ಕೇಳಲೇ ಇಲ್ಲ. ಹಾಜಿಯವರ ಮಾನ ಉಳಿಸುವ ಆತುರದಲ್ಲಿ ಚಿಕ್ಕಪ್ಪನಿಗೆ ಮರೆತೇಹೋಯಿತು. ಎಲ್ಲರ ಕೈ ಮೇಲೆದ್ದವು, ತುಟಿಗಳು ಆಡತೊಡಗಿದವು. ನನ್ನ ಎರಡು ಕೈಯೂ ಭರ್ತಿ, ಎತ್ತಲೂ ಆಗಲಿಲ್ಲ. ಒಳಬಾಗಿಲ ಪರದೆ ಅಲುಗಾಡಿತು. ಫಾತಿಹಾ ಎಷ್ಟು ಚಿಕ್ಕದು ಎಂದು ಇವತ್ತೇ ಗೊತ್ತಾದದ್ದು. ಮುಗಿದ ಕೂಡಲೇ ಒಳಗೆ ಹೆಂಗಸರ ಸಂಭ್ರಮದ ಉಲುಲು ಕೂಗು ಶುರುವಾಯಿತು.

ಹಾಜಿಯವರು ಅಳುತ್ತಾ ನಗುತ್ತಾ ನನ್ನ ಮೊಣಕೈ ಹಿಡಿದರು. "ಏನ್ ಕಾಫಿನೋ ಮಗಾ! ಕೈಗೆ ಬರಕತ್ ಇದೆ ನಿನಗೆ."

ಇನ್ನೊಂದು ಬಟ್ಟಲು ಹಾಕಿದೆ.

ಆಗಸ್ಟ್ 3, ಶನಿವಾರ

ಅಮ್ಮನಿಗೆ ಮುನಿಸು. ಮಾಡಿದ್ದುಣ್ಣೋ ಮಹಾರಾಯ ಅನ್ನುವ ಹಾಗೆ ತಟ್ಟೆ ಮುಂದಿಟ್ಟು ಹೋಗುತ್ತಾಳೆ.

ಚಿಕ್ಕಪ್ಪನಿಗೆ ಖುಷಿಯೋ ಖುಷಿ. ಊರೆಲ್ಲ ಆ ಕಾಫಿ ಕೇಳುತ್ತಿದೆ, "ಹಾಜಿಯ ಕಾಫಿ" ಎಂದೇ. ಮದುವೆಗೂ ಅದೇ ಬೇಕಂತೆ, ಗಂಡಿನ ಕಡೆಯವರು ಹೇಳಿಕಳಿಸಿದ್ದಾರೆ.

ಆಗಸ್ಟ್ 6, ಮಂಗಳವಾರ

ಶುರೂಕ್ ಬಂದಳು. ಬೆರಳಲ್ಲಿ ಉಂಗುರ. ಬೀಜದ ಡಬ್ಬಗಳನ್ನು ಸುಮ್ಮನೆ ನೋಡುತ್ತಾ ನಿಂತಳು. ಚಿಕ್ಕಪ್ಪ ಬ್ಯಾಂಕಿಗೆ ಹೋಗಿದ್ದರು.

"ಘಮ ಒಳಗಿನ ಕೋಣೆವರೆಗೂ ಬಂತು. ಎಷ್ಟು ಸಲ ಹುರಿದೆ?"

"ಐದು."

"ಮಾತನ್ನ ಎಷ್ಟು ಸಲ ಹೇಳ್ಕೊಂಡು ನೋಡಿದೆ?"

ತೂಕದ ಯಂತ್ರ ಒರೆಸತೊಡಗಿದೆ.

"ತಾತನಿಗೆ ಡಾಕ್ಟರ್ ಬೇಡ ಅಂದಿರೋದು ನನಗೂ ಗೊತ್ತು ಹಾರಿಸ್. ಮಾತ್ರೆ ಕೊಡೋಳು ನಾನೇ ತಾನೇ? ನಾನು ಅಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಿದ್ದೆ, ಹೊರಗೆ ಬರೋಕೆ." ದನಿ ಏರಿಸಲಿಲ್ಲ. "ಅವನು ನನ್ನ ಕೇಳೋಕೆ ಊರನ್ನೇ ಕರ್ಕೊಂಡು ಬಂದ. ನೀನು ಅವನನ್ನ ನಗೆಪಾಟಲು ಮಾಡೋಕೆ ಒಂದು ವಾರ ನಿದ್ದೆಗೆಟ್ಟೆ. ನನಗೋಸ್ಕರ ಏನು ಮಾಡಿದೆ?"

"ಹೇಳ್ತಿದ್ದೆ. ಚಿಕ್ಕಪ್ಪ ಕೇಳಿದ್ರೆ ಹೇಳ್ತಿದ್ದೆ."

"ನಿಜವಾಗ್ಲೂ?"

"ದೇವರಾಣೆ."

ನನ್ನನ್ನು ನೋಡಿದಳು. ಕೆಳತುಟಿ ಕಚ್ಚಲಿಲ್ಲ. ಚೀಟಿಯಲ್ಲಿ ಓದುವುದಕ್ಕೆ ಏನೂ ಇಲ್ಲದ ಹಾಗೆ ನೋಡಿ, ಬಿಸಿಲಿಗೆ ಇಳಿದು ಹೋದಳು.

ಇದನ್ನು ಯಾರೂ ಓದುವುದಿಲ್ಲ. ಇಲ್ಲಾದರೂ ಸುಳ್ಳು ಬೇಡ. ಹಾಜಿಯವರು ಆ ಬಟ್ಟಲು ಮುಟ್ಟದೇ ಇದ್ದಿದ್ದರೆ, ಚಿಕ್ಕಪ್ಪ ನನ್ನ ಕಡೆ ತಿರುಗಿ ಕೇಳಿದ್ದರೆ, ಅಷ್ಟು ಜನರ ಮುಂದೆ, ಅವನ ಪಕ್ಕದಲ್ಲಿ ನಿಂತು, ನಾನು...