ಹೊಸ ಕೋಚ್ ಆಡಿಸುವ ಆಟ

ಪೀಣ್ಯ
೧೫-೧೨-೧೯೮೨

ಹನುಮಂತರಾಯಪ್ಪ ಮೇಷ್ಟ್ರಿಗೆ ಪಾಪಯ್ಯನ ನಮಸ್ಕಾರಗಳು.

ನೀವು ನಮಗೆ ಆಟ ಕಲಿಸುವುದನ್ನೂ ಮೈದಾನಕ್ಕೆ ಬರುವುದನ್ನೂ ಬಿಟ್ಟ ಮೇಲೆ ನಮ್ಮ ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಬಂದಿದ್ದಾರೆ. ಚೆಂಡನ್ನು ಎತ್ತಿ ಒದೆಯಬಾರದಂತೆ, ನೆಲದ ಮೇಲೆಯೇ ಕಾಲಿಂದ ಕಾಲಿಗೆ ಹೋಗಬೇಕಂತೆ. ಕ್ಯಾಂಟೀನಿನಲ್ಲಿ ದಿನವೂ ಇದೇ ಜಗಳ. "ಇದೇನ್ ಫುಟ್‌ಬಾಲಾ, ಕೋಲಾಟಾನಾ? ನಮ್ ಮೇಷ್ಟ್ರಿದ್ದಿದ್ರೆ ಒಂದೊಂದ್ ಆಟಕ್ಕೂ ಎರಡ್ ಗೋಲು!" ಎಂದು ನಾನೇ ಕೂಗಾಡುತ್ತಿದ್ದೆ. "ಒಂದ್ಸಲ ನೋಡು ಗುರು, ಆಮೇಲ್ ಬೈಯಿ" ಎಂದ, ಜೊತೆಗೆ ಕೆಲಸ ಮಾಡುವ ನರಸಪ್ಪ.

ಭಾನುವಾರ ಬೆಳಿಗ್ಗೆ ಮಂಜಿನಲ್ಲಿ ನೋಡಿದೆ. ಯಾರಿಗೂ ಅವಸರವಿರಲಿಲ್ಲ. ಚೆಂಡು ಸದ್ದಿಲ್ಲದೆ ತೇಲಿದ ಹಾಗೆ ಹೋಗುತ್ತಿತ್ತು. ಗೋಲಾದದ್ದೂ ನನಗೆ ತಡವಾಗಿ ತಿಳಿಯಿತು. ಚಪ್ಪಾಳೆ ತಟ್ಟಿಬಿಟ್ಟೆ ಮೇಷ್ಟ್ರೇ, ಕ್ಷಮಿಸಿ.

ಆದರೆ ಪಕ್ಕದಲ್ಲಿ ನೀವಿರಲಿಲ್ಲ. ಬರುವ ಭಾನುವಾರ ಏಳಕ್ಕೆ, ನಿಮ್ಮನ್ನು ಆಟಕ್ಕೆ ಕರೆದೊಯ್ಯಲು, ಚಿಕ್ಕಬಾಣಾವರದ ನಿಮ್ಮ ಮನೆಗೆ ಸೈಕಲ್ ತರುತ್ತೇನೆ. ಈ ಸಲವಾದರೂ ಬಾಗಿಲು ತೆರೆಯಿರಿ.

ಇಂತಿ ನಿಮ್ಮ ಶಿಷ್ಯ,
ಪಾಪಯ್ಯ