ಗೂಳಿಯ ವಾಲ್ವಿಗೆ ಗಿಡುಗದ ಮುಚ್ಚಳ

ಹುಬ್ಬಳ್ಳಿ
೩೦ ಫೆಬ್ರವರಿ ೨೧೩೧

ಪ್ರೀತಿಯ ಪಲ್ಲವಿ ಮುತ್ತಜ್ಜಿಗೆ,

ರಾತ್ರಿ ಎರಡೂವರೆಗೆ ಬಾಗಿಲ ಮುಂದೆ ಭುಸ್ ಎಂದು ಗಾಳಿ ಬ್ರೇಕಿನ ಸದ್ದಾಯಿತು. ನನ್ನ ಗಂಡ ಫಕೀರೇಶ ಘಟ್ಟ ಇಳಿಯದೆ ಲಾರಿ ತಿರುಗಿಸಿಕೊಂಡು ಬಂದನೆಂದು ಕೂಸನ್ನು ಎತ್ತಿಕೊಂಡೇ ಓಡಿದೆ. ಅವನಲ್ಲ. ಪಕ್ಕದ ಮನೆಯ ದಾವಲಸಾಬ ಮಾಮಾ ರಿಪೇರಿ ಮುಗಿಸಿಕೊಂಡು ತನ್ನ ಲಾರಿ ತಂದು ನಿಲ್ಲಿಸುತ್ತಿದ್ದ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನೀವು ಕೇಳದ ಮಾತುಗಳು ನಡುವೆ ಬರುತ್ತವೆ, ಮನ್ನಿಸಿ. ಇದು ಹಿಂದಂಚೆಯ ಕಾಗದ. ನಮಗಿಂತ ಹಿಂದಿನವರಿಗೆ, ಅದೂ ಸ್ವಂತ ರಕ್ತಸಂಬಂಧಿಗೆ ಮಾತ್ರ, ಬಾಳಿನಲ್ಲಿ ಒಮ್ಮೆ ಬರೆಯಲು ನಮಗೆ ಅವಕಾಶವಿದೆ. ಹೆಚ್ಚಿನವರು ಅದನ್ನು ಮುಪ್ಪಿನವರೆಗೆ ಕಾಪಾಡಿಕೊಂಡು, ಸತ್ತ ತಾಯಿಗೆ ಮೊಮ್ಮಕ್ಕಳ ಹೆಸರು ತಿಳಿಸುವುದಕ್ಕೆ ಬಳಸುತ್ತಾರೆ. ನಾನು ಒಂದು ಬ್ರೇಕ್ ವಾಲ್ವಿಗಾಗಿ ಈ ರಾತ್ರಿಯೇ ಖರ್ಚು ಮಾಡುತ್ತಿದ್ದೇನೆ.

ನಿಮ್ಮ ಕಾಲದಲ್ಲಿ ಗೂಳಿ ಲಾರಿ ಬೇರೆ, ಗಿಡುಗ ಲಾರಿ ಬೇರೆ. ಎರಡರ ಸದ್ದೂ ಬೇರೆಯಿತ್ತಂತೆ. ಹಾಸಿಗೆಯಲ್ಲಿ ಮಲಗಿದ್ದವರೂ ಓಣಿಗೆ ಬಂದದ್ದು ಯಾರ ಗಾಡಿ ಎಂದು ಹೇಳುತ್ತಿದ್ದರಂತೆ. ನೀವು ಕೆಲಸ ಮಾಡುತ್ತಿರುವ ಗೂಳಿ ಕಂಪನಿ ನಿಮ್ಮಲ್ಲಿ ಈಗಷ್ಟೇ ಗಿಡುಗ ಕಂಪನಿಯನ್ನು ಕೊಂಡಿದೆ. ಮುಂದೆ ಎರಡಕ್ಕೂ ಒಂದೇ ಆ್ಯಕ್ಸಲ್ ಬರುತ್ತದೆ, ಆಮೇಲೆ ಗೇರ್ ಪೆಟ್ಟಿಗೆ, ಆಮೇಲೆ ಕ್ಯಾಬಿನ್ನಿನ ಎಲುಬು. ನನ್ನ ಕಾಲಕ್ಕೆ ಎರಡೂ ಒಂದೇ ಕಾರ್ಖಾನೆಯಲ್ಲಿ ಒಂದರ ಹಿಂದೊಂದು ಹುಟ್ಟುತ್ತವೆ. ನಾವು ಅದನ್ನು ಒಡಲು ಎನ್ನುತ್ತೇವೆ. ಕೊನೆಗೆ ಮುಂದೆ ಕೂರಿಸುವ ಜಾಲರಿ, ಬಣ್ಣ, ಹಾರ್ನಿನ ರಾಗ, ಇವಷ್ಟನ್ನು ಮುಖ ಎನ್ನುತ್ತೇವೆ. ಒಡಲು ಒಂದು, ಮುಖ ಎರಡು. ಇದರಲ್ಲಿ ತಪ್ಪೇನೂ ಇಲ್ಲ. ಎಲ್ಲಿ ಕೆಟ್ಟು ನಿಂತರೂ ಬಿಡಿಭಾಗ ಸಿಗುತ್ತದೆ.

ಆದರೆ ಜನ ಒಡಲನ್ನು ನೋಡುವುದಿಲ್ಲ. ಆಯುಧಪೂಜೆಗೆ ಗೂಳಿಯವರದು ಚೆಂಡುಹೂ, ಗಿಡುಗದವರದು ಸೇವಂತಿಗೆ. ಒಬ್ಬರು ನಿಲ್ಲಿಸುವ ಚಹಾದಂಗಡಿಯಲ್ಲಿ ಇನ್ನೊಬ್ಬರು ನಿಲ್ಲಿಸುವುದಿಲ್ಲ. ಮೊನ್ನೆ ಎಲ್ಲ ಗೂಳಿಗಳಿಗೂ ಕಂಪನಿಯ ಸೂಚನೆ ಬಂತು: ಉದ್ದನೆಯ ಇಳಿಜಾರಿನಲ್ಲಿ ಕಾದರೆ ವಾಲ್ವಿನೊಳಗಿನ ರಬ್ಬರು ಹಿಗ್ಗಿ ಕಚ್ಚಿಕೊಳ್ಳುತ್ತದೆ, ಎಷ್ಟು ತುಳಿದರೂ ಬ್ರೇಕು ಹಿಡಿಯುವುದಿಲ್ಲ, ಕೂಡಲೇ ಬದಲಿಸಿ. ಕಟ್ಟೆಯ ಮೇಲೆ ಕುಳಿತು ದಾವಲಸಾಬ ಮಾಮಾ ಇದನ್ನು ಹೇಳಿದರೆ ಫಕೀರೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿನ್ನ ಗೂಳಿಗೆ ಕೆಮ್ಮು ಬಂದ್ರ ನನ್ನ ಗಿಡುಗಕ್ಯಾಕ ಕಷಾಯ, ಮಾಮಾ?"

"ನಗು ನಗು. ನಿನ್ನ ಹಕ್ಕಿ ಪುಕ್ಕ ಉದುರಿಸಿಕೊಂಡ ದಿನ ನಾನೂ ನಗ್ತೇನಿ," ಎಂದ ಮಾಮಾ.

ನಾನೂ ನಕ್ಕೆ. ನಾವು ಗಿಡುಗದ ಮನೆಯವರಲ್ಲವೇ! ಈ ರಾತ್ರಿ ಹನ್ನೆರಡಕ್ಕೆ ಫಕೀರೇಶ ಕಾರವಾರಕ್ಕೆಂದು ಉಕ್ಕಿನ ಸುರುಳಿ ಹೇರಿಕೊಂಡು ಹೋದ. ಬೆಳಗಿನ ಜಾವ ಅರಬೈಲ್ ಘಟ್ಟ ಇಳಿಯುತ್ತಾನೆ.

ಈಗ ನಡೆದದ್ದು ಕೇಳಿ. ಮಾಮಾ ಬಿಚ್ಚಿ ತಂದ ಹಳೆಯ ವಾಲ್ವನ್ನು ಕಟ್ಟೆಯ ಮೇಲಿಟ್ಟು, "ತೊಗೋವಾ, ನಿನ್ನ ಕೂಸಿಗೆ ಆಡಾಕ," ಎಂದ. ಕೂಸಿನ ಕೈಯಲ್ಲಿ ಆಗಲೇ ಒಂದು ಆಟಿಕೆ ಇತ್ತು. ಹಿಂದಿನ ವರ್ಷ ನಮ್ಮ ಗಿಡುಗದ ರಿಪೇರಿಯಲ್ಲಿ ಬಿಚ್ಚಿದ ಬ್ರೇಕ್ ವಾಲ್ವಿನ ಮುಚ್ಚಳ, ಮೇಲೆ ಹಕ್ಕಿಯ ಗುರುತು. ಅದನ್ನು ಹಿಡಿದುಕೊಳ್ಳದೆ ಕೂಸು ಮಲಗುವುದೇ ಇಲ್ಲ. ಗೂಳಿಯ ಗುರುತಿದ್ದ ವಾಲ್ವಿನ ಮೇಲೆ ಅದನ್ನು ಟಣ್ ಟಣ್ ಎಂದು ಬಡಿಯತೊಡಗಿತು. ಸುಮ್ಮನಿರಿಸಲು ಕಸಿದುಕೊಂಡು, ಯಾಕೋ ಏನೋ, ವಾಲ್ವಿನ ಮೇಲಿಟ್ಟು ತಿರುಗಿಸಿದೆ. ಎಣ್ಣೆ ಹಚ್ಚಿದಂತೆ ತಿರುಗಿ, ಟಕ್ಕೆಂದು ಕೂತುಬಿಟ್ಟಿತು.

ಮಾಮಾ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. "ಯಾ ಅಲ್ಲಾ! ಇದು ಅದೇ ಐತಲ್ಲವಾ," ಎಂದವನೇ ಲಾರಿ ಹತ್ತಿ ಯಲ್ಲಾಪುರದ ಕಡೆ ಹೊಡೆದುಕೊಂಡು ಹೋದ. ಮುಟ್ಟಲಾರ, ಫಕೀರೇಶ ಬಹಳ ಮುಂದಿದ್ದಾನೆ. ಘಟ್ಟದ ಹಾದಿಯಲ್ಲಿ ಚಾಲಕನ ಕಿವಿಗೆ ಮನೆಯ ದನಿ ಹೋಗದಂತೆ ಕಂಪನಿ ಬಂದ್ ಮಾಡಿರುತ್ತದೆ, ಗಮನ ಚದುರಬಾರದೆಂದು. ಕಂಪನಿಯ ಕಂತ್ರಕ್ಕೆ, ಅಂದರೆ ಮನುಷ್ಯರ ಬದಲು ಉತ್ತರಿಸುವ ಕಂಠಕ್ಕೆ, ಕೂಗಿ ಹೇಳಿದೆ. ಅದು ಗಿಡುಗದ ಬಿಡಿಭಾಗದ ನಂಬರ್ ಕೇಳಿತು. "ಈ ನಂಬರಿಗೆ ಯಾವ ಸೂಚನೆಯೂ ಇಲ್ಲ ತಾಯಿ, ನಿಶ್ಚಿಂತೆಯಿಂದ ಮಲಗಿರಿ," ಎಂದಿತು. ಮತ್ತೆ ಮತ್ತೆ ಕೇಳಿದೆ. ಮತ್ತೆ ಮತ್ತೆ ಮಲಗಿರಿ ಎಂದಿತು.

ಆ ನಂಬರ್ ಹುಟ್ಟುವುದು ನಿಮ್ಮ ಮೇಜಿನ ಮೇಲೆ, ಮುತ್ತಜ್ಜಿ. ನಿಮಗೆ ಇನ್ನೂ ಹುಟ್ಟದ ಮಗಳು, ಅಂದರೆ ನನ್ನ ಅಜ್ಜಿ, ಈ ಕಥೆ ಹೇಳುತ್ತಿದ್ದಳು. ಎರಡೂ ಲಾರಿಗೆ ಒಂದೇ ವಾಲ್ವು ಎಂದು ತೀರ್ಮಾನವಾದಾಗ, ಗಿರಾಕಿಗಳಿಗೆ ಗೊತ್ತಾದರೆ ಗಿಡುಗದ ಮರ್ಯಾದೆ ಹೋಗುತ್ತದೆಂದು ಒಂದೇ ಸಾಮಾನಿಗೆ ಎರಡು ನಂಬರ್ ಕೊಡಲು ಹೊರಟರಂತೆ. ಇದು ಸರಿಯಲ್ಲ, ನಾಳೆ ಸಭೆಯಲ್ಲಿ ಹೇಳೋಣ ಎಂದುಕೊಂಡು ನೀವು ಮಲಗಿದಿರಂತೆ. ಬೆಳಗ್ಗೆ ಹೋದರೆ ನಿಮ್ಮ ದೇಸಾಯಿ ಸಾಹೇಬರು ಸಭೆಗೆ ಮುಂಚೆಯೇ, ಬರುವ ದಾರಿಯಲ್ಲಿ ಕಾರಿನಿಂದಲೇ ಒಪ್ಪಿಗೆ ಕೊಟ್ಟುಬಿಟ್ಟಿದ್ದರಂತೆ. ಆ ಹಿಂದಿನ ರಾತ್ರಿಗೇ ಈ ಕಾಗದವನ್ನು ಕಳಿಸುತ್ತಿದ್ದೇನೆ.

ನಿಮಗೂ ಈಗ ನನ್ನಷ್ಟೇ ವಯಸ್ಸು. ಸಾಹೇಬರಿಗೆ ಸರಿರಾತ್ರಿ ಫೋನ್ ಮಾಡುವುದೆಂದರೆ ಎದೆ ಹೊಡೆದುಕೊಳ್ಳುತ್ತದೆ, ಬಲ್ಲೆ. ಬೈದರೆ ಬೈಸಿಕೊಳ್ಳಿ. ಮುಖ ಎಷ್ಟಾದರೂ ಇರಲಿ, ಒಂದು ಸಾಮಾನಿಗೆ ಒಂದೇ ನಂಬರ್ ಇರಲಿ ಎನ್ನಿ. ಅಷ್ಟಾದರೆ ಮೊನ್ನೆಯ ಸೂಚನೆ ನಮ್ಮ ಮನೆಗೂ ಬಂದಿರುತ್ತದೆ; ಫಕೀರೇಶ ಗೊಣಗುತ್ತಾ ಗಿಡುಗವನ್ನೂ ರಿಪೇರಿಗೆ ಬಿಟ್ಟು, ಈ ಹೊತ್ತಿಗೆ ಇಲ್ಲೇ ಗೊರಕೆ ಹೊಡೆಯುತ್ತಿರುತ್ತಾನೆ.

ಕೂಸು ಮುಚ್ಚಳ ಬೇಕೆಂದು ಅಳುತ್ತಿದೆ. ಅದನ್ನು ವಾಲ್ವಿನಿಂದ ಬಿಚ್ಚಲು ಬರುತ್ತಿಲ್ಲ. ನಿಮ್ಮ ಕಾಲದ ಫೋನು ಯಾರಿಗೆ ಬೇಕಾದರೂ ರಿಂಗಾಗುತ್ತದಂತಲ್ಲ, ಮುತ್ತಜ್ಜಿ. ಏಳಿ. ಬೆಳಕು ಹರಿಯುವ ಮುಂಚೆ ದೇಸಾಯಿಯವರಿಗೆ ಫೋನ್ ಮಾಡಿ. ಎತ್ತದಿದ್ದರೆ ಎತ್ತುವ ತನಕ ಮಾಡಿ.

ನಿಮ್ಮ ಮರಿಮಗಳು,
ದಾಕ್ಷಾಯಣಿ